ಕಣಜದೊಳಗಿನ ಕಣಜ

ಕನ್ನಡದಲ್ಲಿ ಕಣಜವೆಂಬ ಮಾತಿಗೆ ಎರಡು ಅರ್ಥಗಳುಂಟು. ಕಾಳುಕಡಿಯನ್ನು ವರ್ಷವಿಡೀ ಕಾಪಾಡುವ ಕೋಶ ಒಂದು ಕಣಜ. ಸಣ್ಣ ನಡುವಿನ, ಕುಟುಕುವ ಹುಳ ಇನ್ನೊಂದು ಕಣಜ. ಎರಡನೆಯದನ್ನು ಕೆಲವರು ಕಡಜವೆಂದು ಕರೆದು ಗೊಂದಲದಿಂದ ಪಾರಾಗುವುದುಂಟು. ಒಂದನ್ನು ಕಂಡರೆ ಒಕ್ಕಲಿಗನ ಮುಖ ಅರಳುತ್ತದೆ, ಇನ್ನೊಂದನ್ನು ಕಂಡರೆ ಮಕ್ಕಳು ಓಡುತ್ತಾರೆ. ಇವೆರಡೂ ಒಂದೇ ಉಚ್ಚಾರಕ್ಕೆ ಬಂದು ನಿಂತದ್ದು ಕೇವಲ ಆಕಸ್ಮಿಕವಿರಬೇಕು. ಆದರೂ ತೊಗರಿಯ ಕಣಜವೆಂದು ಹೆಸರಾದ ಕಲಬುರಗಿ ಸೀಮೆಯಲ್ಲಿ, ಅದರಿಂದ ಬೇರೆಯಾದ ಯಾದಗಿರಿ ಜಿಲ್ಲೆಯ ಶಹಾಪುರ-ಸುರಪುರಗಳ ನಡುವೆ ಬದುಕುವವನಿಗೆ ಈ ಆಕಸ್ಮಿಕದಲ್ಲಿ ಒಂದು ಸತ್ಯವೂ ಅಡಗಿದೆ. ಮೊದಲನೆಯ ಕಣಜದ ಕಾವಲಿಗೆ ಎರಡನೆಯ ಕಣಜವು ಎಷ್ಟೋ ಕಾಲದಿಂದ ನಿಂತಿದೆ. ನಿಂತಿರುವುದು ಯಾರ ಕಣ್ಣಿಗೂ ಬೀಳದಷ್ಟು ಚಿಕ್ಕದಾಗಿ.

ನಾನು ಕನ್ನಡ ಪಾಠ ಹೇಳುವವನು. ಹುಳಗಳ ಶಾಸ್ತ್ರ ನನ್ನದಲ್ಲ. ಆದರೆ ಕನ್ನಡ ಕಾವ್ಯವನ್ನು ಓದುವವನಿಗೆ ಹುಳಗಳ ಸಂಗ ತಪ್ಪಿದ್ದಲ್ಲ. ಈ ಲೇಖನವೂ ಹುಟ್ಟಿಕೊಂಡದ್ದು ಪ್ರಯೋಗಶಾಲೆಯಲ್ಲಲ್ಲ, ವಚನದ ತರಗತಿಯಲ್ಲಿ.

ಕೀಡಿಯೂ ಕುಂಡಲಿಗನೂ

ಕೀಟ-ಭ್ರಮರ ನ್ಯಾಯವೆಂಬುದನ್ನು ನಮ್ಮ ಹಿರಿಯರು ಬಹು ಮೆಚ್ಚಿಕೊಂಡಿದ್ದರು. ಭ್ರಮರವು ಒಂದು ಹುಳವನ್ನು ಹಿಡಿದು ತಂದು ಮಣ್ಣಿನ ಗೂಡಿನಲ್ಲಿ ಮುಚ್ಚಿಡುತ್ತದೆ. ಒಳಗಿನ ಹುಳ ಭಯದಿಂದಲೋ ಭಕ್ತಿಯಿಂದಲೋ ಆ ಭ್ರಮರವನ್ನೇ ಸದಾ ನೆನೆಯುತ್ತ ನೆನೆಯುತ್ತ ಕಡೆಗೆ ತಾನೂ ಭ್ರಮರವಾಗಿ ಹೊರಬರುತ್ತದೆ. ಯಾವುದನ್ನು ಧ್ಯಾನಿಸುವೆಯೋ ಅದೇ ಆಗುವೆ ಎಂಬ ತತ್ತ್ವಕ್ಕೆ ಇದಕ್ಕಿಂತ ಕಣ್ಣಿಗೆ ಕಟ್ಟುವ ಉಪಮೆ ಬೇರೆ ಸಿಕ್ಕಲಾರದು. ಭಾಗವತದ ಏಕಾದಶ ಸ್ಕಂಧದಲ್ಲಿ ಅವಧೂತನು ತನ್ನ ಇಪ್ಪತ್ತನಾಲ್ಕು ಗುರುಗಳನ್ನು ಎಣಿಸುವಾಗ ಈ ಹುಳವನ್ನೂ ಸೇರಿಸಿದ್ದಾನೆ. ವೇದಾಂತಿಗಳು ಇದನ್ನು ಬಳಸಿದರು, ಶರಣರೂ ಬಳಸಿದರು. ವಚನಗಳಲ್ಲಿ ಇದು ಕೀಡಿ ಮತ್ತು ಕುಂಡಲಿಗರ ಮಾತಾಗಿ ಬರುತ್ತದೆ.

ಈ ಉಪಮೆ ನಮ್ಮ ದೇಶಕ್ಕೆ ಮಾತ್ರ ಸೇರಿದ್ದಲ್ಲವೆಂಬುದು ಇನ್ನೊಂದು ವಿಶೇಷ. ಚೀನದ ಪ್ರಾಚೀನ ಗೀತ ಸಂಕಲನದಲ್ಲಿಯೂ ಕಣಜವು ಹಸುರು ಹುಳದ ಮರಿಗಳನ್ನು ಹೊತ್ತೊಯ್ಯುವ ಪ್ರಸ್ತಾಪವಿದೆ. ಕಣಜಕ್ಕೆ ಸಂತಾನವಿಲ್ಲ, ಆದುದರಿಂದ ಅದು ಅನ್ಯರ ಮರಿಯನ್ನು ಸಾಕಿಕೊಂಡು ತನ್ನಂತೆಯೇ ಮಾಡಿಕೊಳ್ಳುತ್ತದೆ ಎಂದು ಅಲ್ಲಿಯವರು ನಂಬಿದರು. ದತ್ತು ಮಗನಿಗೆ ಆ ಹುಳದ ಹೆಸರೇ ಚೀನೀ ಭಾಷೆಯಲ್ಲಿ ನಿಂತುಹೋಯಿತು. ಭಾರತೀಯನು ಅದರಲ್ಲಿ ಮೋಕ್ಷವನ್ನು ಕಂಡ, ಚೀನೀಯನು ವಂಶೋದ್ಧಾರವನ್ನು ಕಂಡ. ಇಬ್ಬರೂ ಒಂದೇ ಗೂಡನ್ನು ನೋಡಿದ್ದರು. ಆದರೆ ಚೀನದಲ್ಲಿ 5-6ನೆಯ ಶತಮಾನದ ಹೊತ್ತಿಗೆ ತಾವೋ ಹಾಂಗ್‌ಜಿಂಗ್ ಎಂಬ ವಿದ್ವಾಂಸ ಗೂಡಿನೊಳಗನ್ನು ಪರೀಕ್ಷಿಸಿ, ಕಣಜ ತನ್ನ ಮೊಟ್ಟೆಯನ್ನೇ ಇಡುತ್ತದೆ, ಹಿಡಿದು ತಂದ ಹುಳ ಅದರ ಮರಿಗೆ ಆಹಾರ ಮಾತ್ರ ಎಂದು ಬರೆದಿಟ್ಟ.

ನಮ್ಮಲ್ಲಿ ಅದೇ ಮಾತನ್ನು ನನಗೆ ಹೇಳಿದವನು ಸುರಪುರ ತಾಲ್ಲೂಕಿನ ಒಕ್ಕಲು ಮನೆತನದ ಒಬ್ಬ ವಿದ್ಯಾರ್ಥಿ. ದೇವರ ದಾಸಿಮಯ್ಯನ ಊರಾದ ಮುದನೂರು ನಮ್ಮ ಕಡೆಯದೇ ಎಂಬ ಹೆಮ್ಮೆಯಿಂದ ಪ್ರಾರಂಭವಾದ ವಚನದ ಪಾಠ ಅಂದು ಕೀಟ-ಭ್ರಮರ ನ್ಯಾಯಕ್ಕೆ ಬಂದು ನಿಂತಿತ್ತು. ಹಿಂದಿನ ಬೆಂಚಿನಿಂದ ಆತ ಎದ್ದು ನಿಂತ.

“ಸರ, ಆ ಹುಳ ಕುಂಬಾರ ಹುಳ ಆಗಂಗಿಲ್ರಿ. ಕುಂಬಾರ ಹುಳದ ಮರಿನೇ ಅದನ್ನ ತಿಂದು ಹೊರಗ ಬರ್ತದ್ರಿ. ನಾ ಸಣ್ಣಾಂವ ಇದ್ದಾಗ ಗೂಡು ಒಡದು ನೋಡೀನ್ರಿ.”

ತರಗತಿ ನಕ್ಕಿತು. ನಾನು ನಗಲಿಲ್ಲ. ಗೂಡನ್ನು ಒಡೆದು ನೋಡಿದವನ ಮಾತಿಗೆ, ನೋಡದೆ ಹೇಳಿದ ಹತ್ತು ಮಾತಿಗಿಂತ ಹೆಚ್ಚಿನ ತೂಕವಿರಬೇಕು. ಗೋಡೆಗೆ ಮಣ್ಣಿನ ಗಡಿಗೆ ಕಟ್ಟುವ ಕುಂಬಾರ ಹುಳ ಎಳೆಯ ಹುಳಗಳನ್ನು ಕುಟುಕಿ, ಕೊಲ್ಲದೆ, ಅಲುಗಾಡದಂತೆ ಮಾಡಿ ಗೂಡಿನಲ್ಲಿ ತುಂಬುತ್ತದೆ. ಸತ್ತರೆ ಕೊಳೆತುಹೋಗುತ್ತದೆ, ಓಡಾಡುವಂತಿದ್ದರೆ ಮರಿಯನ್ನೇ ಜಜ್ಜೀತು. ಆದುದರಿಂದ ಈ ಅರೆಜೀವದ ಉಪಾಯ. ಫ್ರಾನ್ಸಿನ ಫಾಬ್ರ ಎಂಬಾತ 19ನೆಯ ಶತಮಾನದಲ್ಲಿ ತನ್ನ ಬಾಳಿನ ಬಹುಭಾಗವನ್ನು ಇಂಥ ಕಣಜಗಳ ಹಿಂದೆ ಕಳೆದು ಸಂಪುಟಗಟ್ಟಲೆ ಬರೆದ.

ಹಾಗಾದರೆ ವಚನದ ಉಪಮೆ ಬಿದ್ದುಹೋಯಿತೆ? ಆ ಪ್ರಶ್ನೆಯನ್ನು ಕಡೆಗೆ ನೋಡೋಣ. ಆ ಹುಡುಗನ ಮಾತಿನಿಂದ ನನ್ನ ಕಣ್ಣು ಗೋಡೆಯ ಗೂಡುಗಳಿಂದ ಇನ್ನೂ ಸಣ್ಣ ಗೂಡುಗಳ ಕಡೆಗೆ ತಿರುಗಿತು. ಅವುಗಳಲ್ಲೊಂದು ಮರದ ಅಣಬೆ.

ಹುಣಸೆಯ ಬೊಡ್ಡೆಯಲ್ಲಿ

ಶಹಾಪುರ-ಸುರಪುರದ ದಾರಿ ನೋಡಿದವರಿಗೆ ಅಣಬೆಯ ಮಾತು ವಿಚಿತ್ರವಾಗಿ ಕಾಣಬಹುದು. ಒಂದು ಕಡೆ ಬುದ್ಧ ಮಲಗಿದಂತೆ ತೋರುವ ಶಹಾಪುರದ ಗುಡ್ಡ, ಇನ್ನೊಂದು ಕಡೆ ಸುರಪುರವನ್ನು ಸುತ್ತುವರಿದ ಬಂಡೆಗಳ ಸಾಲು. ನಡುವೆ ಎರೆಹೊಲ, ಕಾಲುವೆ ಬಂದಲ್ಲಿ ಬತ್ತದ ಗದ್ದೆ. ಚೈತ್ರ-ವೈಶಾಖಗಳಲ್ಲಿ ಬಂಡೆ ಸಿಡಿಯುವಂಥ ಬಿಸಿಲು. ಅಣಬೆಯೆಂದರೆ ಮಲೆನಾಡಿನ ಪದಾರ್ಥವೆಂದು ನಾವು ತಿಳಿದಿದ್ದೇವೆ. ಆದರೆ ಮಳೆಗಾಲದಲ್ಲಿ ತಿಪ್ಪೆಯ ಮೇಲೆ ಎದ್ದು ಮೂರು ದಿನಕ್ಕೆ ಕರಗುವ ನಾಯಿಕೊಡೆ ಬೇರೆ, ಮರದ ಬೊಡ್ಡೆಗೆ ಅಂಟಿಕೊಂಡು ವರ್ಷಗಟ್ಟಲೆ ನಿಲ್ಲುವ ಅಣಬೆ ಬೇರೆ. ಇದಕ್ಕೆ ಕಾಂಡವಿಲ್ಲ, ಇದ್ದರೂ ಮೊಟುಕು. ಹಳೆಯ ಮನೆಯ ಗೋಡೆಗೆ ಹೊಡೆದ ಹಲಗೆಯಂತೆ ಅಡ್ಡಕ್ಕೆ ಚಾಚಿಕೊಂಡಿರುತ್ತದೆ. ಮುಟ್ಟಿದರೆ ಮರದಂತೆ ಗಟ್ಟಿ. ಮೇಲ್ಭಾಗದಲ್ಲಿ ಕಂದು, ಹಳದಿ, ಬಿಳುಪಿನ ಅರೆಚಂದ್ರ ಗೆರೆಗಳು. ಕೆಳಭಾಗದಲ್ಲಿ ಸೂಜಿಮೊನೆಯಂಥ ಅಸಂಖ್ಯ ರಂಧ್ರಗಳು. ಆ ರಂಧ್ರಗಳಿಂದ ದಿನಕ್ಕೆ ಕೋಟಿಗಟ್ಟಲೆ ಬೀಜಕಣಗಳು ಗಾಳಿಗೆ ಬೀಳುತ್ತವೆ. ಇದನ್ನು ಹಲಗೆಯಣಬೆ ಎಂದು ಕರೆದರೆ ತಪ್ಪಾಗಲಾರದು.

ಅಡಕೆ ತೋಟದವರಿಗೆ ಈ ಕುಲದ ಒಬ್ಬ ಸದಸ್ಯನ ಪರಿಚಯ ಚೆನ್ನಾಗಿಯೇ ಉಂಟು. ಅವರು ಅಣಬೆರೋಗವೆಂದು ಹೆದರುವುದು ಗ್ಯಾನೊಡರ್ಮವೆಂಬ ಹಲಗೆಯಣಬೆಗೇ. ಆದರೆ ಇದರ ಸೋದರರಲ್ಲಿ ಬಹುಪಾಲಿನವರು ಬದುಕಿದ ಮರವನ್ನು ಕೊಲ್ಲುವವರಲ್ಲ, ಸತ್ತ ಮರವನ್ನು ಮಣ್ಣಿಗೆ ಹಿಂದಿರುಗಿಸುವವರು. ಕಟ್ಟಿಗೆಗೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ದ್ರವ್ಯವನ್ನು ಜೀರ್ಣಿಸಬಲ್ಲ ಜೀವಿಗಳು ಲೋಕದಲ್ಲಿ ಬಲು ಕಡಿಮೆ. ಅವುಗಳಲ್ಲಿ ಇವು ಅಗ್ರಗಣ್ಯ. ನಾವು ಅಣಬೆಯೆಂದು ನೋಡುವುದು ಅದರ ಹಣ್ಣು ಮಾತ್ರ. ನಿಜವಾದ ದೇಹ ನೂಲಿನೆಳೆಗಳಾಗಿ ಮರದೊಳಗೆ ಹಬ್ಬಿರುತ್ತದೆ.

ದಾರಿಯನ್ನು ಅಗಲಿಸುವಾಗ ಕಡಿದ ಒಂದು ಮುದಿ ಹುಣಸೆಯ ಬೊಡ್ಡೆಯ ಮೇಲೆ, ಆರಿದ್ರ ಮಳೆ ಮುಗಿದ ಮೇಲೆ, ಇಂಥ ಹಲಗೆಗಳು ಮೂರು ನಾಲ್ಕು ಎದ್ದಿದ್ದವು. ಒಂದು ಹಳೆಯದು. ಅದರ ಅಡಿಯಲ್ಲಿ ನುಣ್ಣನೆಯ ಹುಡಿ ಬಿದ್ದಿತ್ತು. ಕುಟ್ಟೆ ಹಿಡಿದ ತೊಲೆಯ ಕೆಳಗೆ ಬೀಳುವಂಥದೇ ಹುಡಿ. ಪ್ರಾಣಿಶಾಸ್ತ್ರದ ಸಹೋದ್ಯೋಗಿಯೊಬ್ಬರು ಅದನ್ನು ಬಿಡಿಸಿ ಗಾಜಿನ ಬಾಟಲಿಯಲ್ಲಿಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿ, ಕಿಟಕಿಯ ಬಳಿ ಇಟ್ಟರು. ಕೆಲವು ವಾರಗಳಲ್ಲಿ ಅಣಬೆಯಿಂದ ಸಾಸಿವೆಯ ಚೂರಿನಂಥ ಕಂದು ದುಂಬಿಗಳು ಎಣಿಸಲಾರದಷ್ಟು ಹೊರಬಂದವು. ಅವುಗಳೊಡನೆ, ಬೆಳಕಿನ ಕಡೆಗೆ ಹರಿದು ಬಟ್ಟೆಯನ್ನು ಹಿಡಿದುಕೊಂಡು, ಇರುವೆಯಂಥ ಕೆಲವು ಕರಿಯ ಜೀವಿಗಳು. ಬರಿಗಣ್ಣಿಗೆ ಇರುವೆ. ಮಸೂರದಲ್ಲಿ ನೋಡಿದರೆ ಕಣಜ.

ಈ ದುಂಬಿಗಳ ಕುಟುಂಬಕ್ಕೆ ಸೈಯಿಡೀ ಎಂದು ಹೆಸರು. ಲೋಕದಲ್ಲಿ ಏಳುನೂರು ಜಾತಿಗಳಿಗೂ ಮೇಲೆ ಇವೆ. ಬಹುಮಟ್ಟಿಗೆ ಎಲ್ಲವೂ ಅಣಬೆಯಲ್ಲೇ ಹುಟ್ಟಿ, ಅಣಬೆಯನ್ನೇ ಉಂಡು, ಅಣಬೆಯಲ್ಲೇ ಸಾಯುವಂಥವು. ಸಾಮಾನ್ಯವಾಗಿ ಉದ್ದ ಒಂದರಿಂದ ಮೂರು ಮಿಲಿಮೀಟರ್. ಕೆಲವದರ ಗಂಡುಗಳಿಗೆ ತಲೆಯ ಮೇಲೆ ಪುಟ್ಟ ಕೊಂಬುಗಳಿರುತ್ತವೆ. ಸಾಸಿವೆಯಷ್ಟು ಜೀವಕ್ಕೆ ಗೂಳಿಯ ಗತ್ತು. ಕಟ್ಟಿಗೆ ಕೊರೆಯುವ ಹುಳವನ್ನು ಕುಟ್ಟೆಯೆನ್ನುವ ನಾವು ಇವನ್ನು ಅಣಬೆಕುಟ್ಟೆ ಎನ್ನಬಹುದು. ತಾಯಿದುಂಬಿ ವಾಸನೆ ಹಿಡಿದು ಬಂದು ಅಣಬೆಯನ್ನು ಕೊರೆದು ಮೊಟ್ಟೆಯಿಡುತ್ತದೆ. ಮರಿಹುಳಗಳು ಸುರಂಗಗಳನ್ನು ತೋಡುತ್ತ ತಿನ್ನುತ್ತವೆ, ಅಲ್ಲೇ ದುಂಬಿಗಳಾಗುತ್ತವೆ, ಅಲ್ಲೇ ಮರಳಿ ಮೊಟ್ಟೆಯಿಡುತ್ತವೆ. ಒಂದೇ ಹಲಗೆಯಲ್ಲಿ ತಲೆಮಾರಿನ ಮೇಲೆ ತಲೆಮಾರು ಸಾಗಿ, ಒಳಗೆಲ್ಲ ಟೊಳ್ಳಾಗಿ ಅಣಬೆ ಹುಡಿಹುಡಿಯಾದಾಗ ಅವು ಬೇರೆ ಹಲಗೆಯನ್ನು ಹುಡುಕಿ ಹಾರುತ್ತವೆ. ಹೊರಗೆ ಬಂಡೆಗಲ್ಲು ಕಾಯುವ ಬಿಸಿಲಿದ್ದರೂ ಒಳಗೆ ಅವುಗಳಿಗೆ ಮನೆಯೂ ಉಂಟು, ಅನ್ನವೂ ಉಂಟು. ಶತ್ರುವೊಬ್ಬ ಬಾರದಿದ್ದರೆ ಇಷ್ಟು ಸುಖವಾದ ಸಂಸಾರ ಇನ್ನೊಂದಿಲ್ಲ.

ಚಾಪೆಯೂ ರಂಗೋಲಿಯೂ

ಶತ್ರು ಬಂದೇ ಬರುತ್ತದೆ. ಒಬ್ಬ ಚಾಪೆಯ ಕೆಳಗೆ ತೂರಿದರೆ ಇನ್ನೊಬ್ಬ ರಂಗೋಲಿಯ ಕೆಳಗೆ ತೂರುವನೆಂಬ ಗಾದೆಯನ್ನು ಯಾರು ಕಟ್ಟಿದರೋ, ಈ ಕಣಜವನ್ನು ನೋಡಿಯೇ ಕಟ್ಟಿದಂತಿದೆ. ಬೆಥಿಲಿಡೀ ಎಂಬ ಕುಟುಂಬದ ಈ ಕಣಜಗಳ ದೇಹ ಮೇಲಿಂದ ಒತ್ತಿದಂತೆ ಚಪ್ಪಟೆ. ತಲೆ ಮುಂದಕ್ಕೆ ಚಾಚಿದ ಗುದ್ದಲಿಯಂತೆ. ಕಾಲುಗಳು ಮೋಟು, ಬಲವಾದವು. ಹಲವು ಜಾತಿಗಳ ಹೆಣ್ಣಿಗೆ ರೆಕ್ಕೆಯೇ ಇರುವುದಿಲ್ಲ. ಸುರಂಗದಲ್ಲಿ ಓಡಾಡುವವಳಿಗೆ ರೆಕ್ಕೆ ಏತಕ್ಕೆ? ಇಂಗ್ಲೆಂಡಿನ ವೆಸ್ಟ್‌ವುಡ್ ಎಂಬ ಕೀಟಶಾಸ್ತ್ರಜ್ಞ 1833ರಲ್ಲಿ ಸೆಫಲೊನೊಮಿಯ ಎಂಬ ಕುಲವನ್ನು ವಿವರಿಸಿದಾಗ ಅದರ ಮೊದಲ ಜಾತಿಗೆ ‘ಇರುವೆಯಾಕಾರದ್ದು’ ಎಂಬರ್ಥದ ಲ್ಯಾಟಿನ್ ಹೆಸರಿಟ್ಟ. ಹಲಗೆಯಣಬೆಯೊಳಗಿನ ಅಣಬೆಕುಟ್ಟೆಯೇ ಅದರ ಬೇಟೆ.

ಹೆಣ್ಣುಕಣಜ ಕತ್ತಲೆಯಲ್ಲಿ ಮೀಸೆಗಳಿಂದ ತಡವರಿಸುತ್ತ, ವಾಸನೆಯ ಜಾಡು ಹಿಡಿದು ಸುರಂಗದಲ್ಲಿ ನಡೆಯುತ್ತದೆ. ಮರಿಹುಳ ಸಿಕ್ಕಿದೊಡನೆ ಅದನ್ನು ಕಚ್ಚಿ ಹಿಡಿದು, ಬಾಲದ ತುದಿಯನ್ನು ಬಗ್ಗಿಸಿ ಕುಟುಕುತ್ತದೆ. ಹುಳಕ್ಕೆ ಪಾರ್ಶ್ವವಾಯು ಬಡಿದಂತಾಗುತ್ತದೆ. ಅದರ ಮೈಮೇಲೆ ಕಣಜ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದ ಮರಿ ಅಲ್ಲಿಯೇ ಬಾಯೂರಿ, ಹೊರಗಿನಿಂದಲೇ ಹೀರುತ್ತ ಬೆಳೆದು, ಹುಳ ಬರಿಯ ತೊಗಲಾದ ಮೇಲೆ ರೇಷ್ಮೆಯಂಥ ಗೂಡು ನೇಯ್ದುಕೊಂಡು ಮಲಗುತ್ತದೆ. ಬೆಚ್ಚನೆಯ ಹವೆಯಲ್ಲಿ ಮೂರು ವಾರಗಳ ಆಸುಪಾಸಿನಲ್ಲಿ ಹೊಸ ಕಣಜ ಸಿದ್ಧ. ತಾಯಿಯೂ ಉಪವಾಸವಿರುವುದಿಲ್ಲ, ಕೆಲವು ಹುಳಗಳನ್ನು ಮೊಟ್ಟೆಗಾಗಿ ಹಿಡಿದರೆ ಕೆಲವನ್ನು ತನ್ನ ಹೊಟ್ಟೆಗಾಗಿ ಹಿಡಿಯುತ್ತದೆ.

ಇವುಗಳ ಸಂಸಾರದಲ್ಲಿ ಇನ್ನೂ ಒಂದು ಬೆರಗು. ಕಣಜ, ಜೇನು, ಇರುವೆಗಳ ಜಾತಿಯಲ್ಲಿ ಫಲಿತವಾದ ಮೊಟ್ಟೆಯಿಂದ ಹೆಣ್ಣು, ಫಲಿತವಾಗದ ಮೊಟ್ಟೆಯಿಂದ ಗಂಡು ಹುಟ್ಟುತ್ತದೆ. ಆದುದರಿಂದ ಹೆಣ್ಣಾಗಬೇಕೋ ಗಂಡಾಗಬೇಕೋ ಎಂಬುದು ತಾಯಿಯ ಕೈಯಲ್ಲಿದೆ. ಬೆಥಿಲಿಡ್ ತಾಯಿ ಹೆಣ್ಣುಮಕ್ಕಳನ್ನೇ ಹೆಚ್ಚಾಗಿ ಹಡೆದು, ಗಂಡುಗಳನ್ನು ಬೇಕಾದಷ್ಟಕ್ಕೆ ಮಿತಗೊಳಿಸುತ್ತದೆ. ಗಂಡುಮಗು ಬೇಕೆಂದು ಹರಕೆ ಹೊರುವ ನಮ್ಮ ಸೀಮೆಯಲ್ಲಿ ಇದನ್ನು ಹೇಳಿದರೆ ಹಿರಿಯರು ಹುಬ್ಬೇರಿಸಿಯಾರು. ಇದೇ ಕುಟುಂಬದ ಗೋನಿಯೋಜಸ್ ಎಂಬುದು ತೆಂಗಿನ ಕಪ್ಪು ತಲೆಯ ಹುಳದ ವೈರಿ. ಕರ್ನಾಟಕದ ತೆಂಗಿನ ತೋಟಗಳಿಗೆ ಅದನ್ನು ಸಾಕಿ ಬಿಡುತ್ತಾರೆ. ಅದರ ತಾಯಿ ಮೊಟ್ಟೆಯಿಟ್ಟು ಹೊರಟುಹೋಗುವುದಿಲ್ಲ. ಮರಿಗಳು ಬಲಿಯುವವರೆಗೂ ಬೇಟೆಯ ಪಕ್ಕದಲ್ಲೇ ಕಾವಲು ಕೂರುತ್ತದೆ. ಒಂಟಿಯಾಗಿ ಬದುಕುವ ಕೀಟದಲ್ಲಿ ಇಂಥ ವಾತ್ಸಲ್ಯ ಅಪರೂಪ.

ಅಣಬೆಯಿಂದ ಅರಣ್ಯದ ಇನ್ನೊಂದು ಕಾಯಿಗೆ ಹೋಗೋಣ. ಕಾಫಿಯ ಕಾಯಿಯನ್ನು ಕೊರೆಯುವ ಆಫ್ರಿಕ ಮೂಲದ ದುಂಬಿ ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಅಲ್ಲಿಂದ ಅದು ಕೊಡಗಿಗೆ ಬಂತು. ಕಾಯಿಯೊಳಗೆ ಅವಿತ ದುಂಬಿಗೆ ಮೇಲಿನಿಂದ ಸಿಂಪಡಿಸಿದ ಔಷಧ ತಲುಪುವುದು ಕಷ್ಟ. ಆಗ ಕಾಫಿ ಸಂಶೋಧಕರು ಹೊರದೇಶದಿಂದ ತರಿಸಿ ಸಾಕಿ ಬಿಟ್ಟ ಜೀವಿಗಳಲ್ಲಿ ಒಂದು, ಅದೇ ಸೆಫಲೊನೊಮಿಯ ಕುಲದ ಒಂದು ಕಣಜ. ಅಣಬೆಯೊಳಗಿನ ಸುರಂಗದಲ್ಲಿ ಕಲಿತ ವಿದ್ಯೆ ಕಾಫಿಯ ಕಾಯಿಯ ಸುರಂಗದಲ್ಲೂ ನಡೆಯಿತು. ಎರಡು ಮಿಲಿಮೀಟರಿಗೆ ಮೀರದ ಜೀವಿಯೊಂದು ದೊಡ್ಡ ದೊಡ್ಡ ತೋಟಗಳವರ ನಿರೀಕ್ಷೆಯನ್ನು ಹೊತ್ತುಕೊಂಡಿತು.

ತೊಗರಿಯ ಮನೆಯಲ್ಲಿ

ಅಣಬೆ ಎಲ್ಲಿ, ತೊಗರಿ ಎಲ್ಲಿ ಎಂದು ಓದುಗರು ಕೇಳಬಹುದು. ನಡುವೆ ಇರುವ ದಾರಿ ನಾವು ತಿಳಿದಷ್ಟು ದೂರದ್ದಲ್ಲ. ಮನುಷ್ಯ ಕಾಳನ್ನು ಕೂಡಿಡಲು ತೊಡಗಿ ಹತ್ತು ಸಾವಿರ ವರ್ಷಗಳಾಗಿರಬಹುದು. ಅದಕ್ಕೆ ಮೊದಲು ಈ ಕಣಜದ ಹುಳಗಳು ಎಲ್ಲಿದ್ದವು? ಅವುಗಳಲ್ಲಿ ಹಲವದರ ಹತ್ತಿರದ ನಂಟರು ಇಂದಿಗೂ ಸತ್ತ ಮರದ ತೊಗಟೆಯಡಿಯಲ್ಲಿ, ಬೂಷ್ಟಿನಲ್ಲಿ, ಅಣಬೆಯಲ್ಲಿ ಬಾಳುತ್ತಿದ್ದಾರೆ. ಮನುಷ್ಯನ ಉಗ್ರಾಣವೆಂದರೆ ಅವುಗಳ ಪಾಲಿಗೆ ಎಂದಿಗೂ ಮುಗಿಯದ ಒಂದು ದೊಡ್ಡ ಕೊಳೆತ ಬೊಡ್ಡೆ. ಅವು ಬಂದವು, ಅವುಗಳ ಬೆನ್ನು ಹತ್ತಿ ಕಣಜಗಳೂ ಬಂದವು. ಸೆಫಲೊನೊಮಿಯ ಕುಲದ ಎರಡು ಜಾತಿಗಳು ಇಂದು ಲೋಕದ ಧಾನ್ಯದ ಗೋದಾಮುಗಳಲ್ಲೆಲ್ಲ ಅಕ್ಕಿ, ಗೋಧಿಗಳ ಸಣ್ಣ ದುಂಬಿಗಳನ್ನು ಬೇಟೆಯಾಡುತ್ತವೆ. ಅವುಗಳಲ್ಲೊಂದು, ಮರಿಹುಳ ಹರಿದುಹೋದ ದಾರಿಯಲ್ಲಿ ಉಳಿದ ವಾಸನೆಯ ಗೆರೆಯನ್ನೇ ಹಿಡಿದು ನಡೆದು ಅದನ್ನು ಮುಟ್ಟುತ್ತದೆ.

ತೊಗರಿಗೆ ಬೀಳುವ ಹುಳ ಬೇರೆ, ಅದರ ಕಣಜವೂ ಬೇರೆ. ಕಥೆ ಮಾತ್ರ ಒಂದೇ. ತೊಗರಿಯ ದುಂಬಿ ಹೊಲದಲ್ಲಿಯೇ, ಕಾಯಿ ಬಲಿಯುವಾಗಲೇ ಬಂದು ಮೊಟ್ಟೆಯಿಡುವುದುಂಟು. ರಾಶಿಯಾಗಿ ಮನೆಗೆ ಬಂದ ಕಾಳಿನ ಮೇಲೆ ಕಾಣುವ ಬಿಳಿಯ ಚುಕ್ಕೆಯೇ ಆ ಮೊಟ್ಟೆ. ಮರಿ ಕಾಳನ್ನು ಕೊರೆದು ಒಳಹೊಕ್ಕು, ಬೇಳೆಯನ್ನು ತಿಂದು, ಹೆಚ್ಚು ಕಡಿಮೆ ಒಂದು ತಿಂಗಳಲ್ಲಿ ದುಂಡನೆಯ ಕಿಟಕಿ ತೆರೆದು ದುಂಬಿಯಾಗಿ ಹೊರಬರುತ್ತದೆ. ಒಂದು ಹೆಣ್ಣು ನೂರರ ಆಸುಪಾಸು ಮೊಟ್ಟೆಯಿಡಬಲ್ಲದು. ಸಂಕ್ರಾಂತಿಗೆ ತುಂಬಿದ ಚೀಲ ಯುಗಾದಿಯ ಹೊತ್ತಿಗೆ ಏನಾಗುತ್ತದೆಂದು ಲೆಕ್ಕ ಹಾಕಲು ಗಣಿತದ ಪದವಿ ಬೇಕಿಲ್ಲ. ‘ಗುಲ್ಬರ್ಗಾ ತೊಗರಿ ಬೇಳೆ’ ಎಂಬ ಹೆಸರಿಗೆ 2019ರಲ್ಲಿ ಭೌಗೋಳಿಕ ಮಾನ್ಯತೆ ದೊರೆಯಿತೆಂಬ ಸಂತೋಷ ದೊಡ್ಡದೇ. ಆದರೆ ಬೆಲೆ ಏರುವವರೆಗೆ ಚೀಲವನ್ನು ಕಾಪಾಡಲಾರದ ಸಣ್ಣ ಒಕ್ಕಲಿಗ, ಹುಳಕ್ಕೆ ಹೆದರಿಯೇ ಸುಗ್ಗಿಯ ಅಗ್ಗದ ಬೆಲೆಗೆ ಮಾರಿಬಿಡುತ್ತಾನೆ. ಹೀಗೆ ಸಾಸಿವೆಯಷ್ಟು ದುಂಬಿಯೊಂದು ಒಂದು ಮನೆತನದ ವರ್ಷದ ಲೆಕ್ಕವನ್ನು ತಿದ್ದುತ್ತದೆ.

ತರಗತಿಯಲ್ಲಿ ಎದ್ದು ನಿಂತ ಆ ಹುಡುಗನ ಮನೆಗೆ ಒಮ್ಮೆ ಹೋಗಿದ್ದೆ. ನಡುಮನೆಯಲ್ಲಿ ತೊಗರಿಯ ಚೀಲಗಳು ಗೋಡೆಗೆ ಒರಗಿದ್ದವು. ಒಂದು ಚೀಲದ ಬಾಯಿಯ ಬಳಿ ದುಂಬಿಗಳ ನಡುವೆ ಕರಿಯ ಸಣ್ಣ ನೊಣದಂಥವು ಚುರುಕಾಗಿ ಓಡಾಡುತ್ತಿದ್ದವು. ಹುಡುಗನ ಅಜ್ಜಿ ನನ್ನ ನೋಟವನ್ನು ಗಮನಿಸಿದರು.

“ಅವು ಕಾಳು ತಿನ್ನಂಗಿಲ್ರಿ ಮಾಸ್ತರ್ರೆ. ಅವು ಬಂದವಂದ್ರ ಹುಳದ ಸೊಕ್ಕು ಇಳೀತದ.”

“ಅವಕ್ಕ ಏನಂತೀರಬೇ?” ಎಂದು ಕೇಳಿದೆ.

“ಅವಕ್ಕೇನ ಹೆಸರ್ರಿ? ಹುಳದ ಹುಳ.”

ಹುಳದ ಹುಳ! ಕನ್ನಡದ ಪಾರಿಭಾಷಿಕ ಕೋಶದಲ್ಲಿ ಇದಕ್ಕಿಂತ ಸರಳವಾದ ಪದ ನನಗೆ ಕಂಡಿಲ್ಲ. ಆಕೆ ನೋಡಿದ್ದು ಕಾಳಿನ ಮೇಲ್ಮೈಯಿಂದಲೇ ಒಳಗಿನ ಮರಿಯನ್ನು ಪತ್ತೆಹಚ್ಚಿ, ಸೂಜಿಯಂಥ ನಳಿಕೆಯಿಂದ ಕಾಳನ್ನು ಕೊರೆದು, ಅದರ ಪಕ್ಕದಲ್ಲಿ ಮೊಟ್ಟೆಯಿಡುವ ಕಣಜಗಳನ್ನು. ಡೈನಾರ್ಮಸ್ ಎಂಬುದು ಅವುಗಳಲ್ಲಿ ಹೆಸರಾದದ್ದು. ಜೋಳದ ನುಸಿಗೂ ಇಂಥದೇ ಇನ್ನೊಂದು ಕಣಜವುಂಟು. ನುಸಿಯ ಹಳೆಯ ಶಾಸ್ತ್ರೀಯ ಹೆಸರನ್ನೇ ಅದರ ಹೆಸರಿಗೂ ಅಂಟಿಸಿದ್ದಾರೆ.

ಹಾಗೆಂದು ಕಣಜ ಬಂದು ಕಣಜವನ್ನು ಕಾಯಲಿ ಎಂದು ಕೈಕಟ್ಟಿ ಕೂರುವುದು ಜಾಣತನವಲ್ಲ. ಹುಳ ಹೆಚ್ಚಿದ ಮೇಲೆಯೇ ಹುಳದ ಹುಳ ಹೆಚ್ಚುವುದು. ಕಾವಲುಗಾರ ಕಳ್ಳನ ಹಿಂದೆಯೇ ಬರುತ್ತಾನೆ, ಮುಂದಾಗಿ ಅಲ್ಲ. ಕಾಳನ್ನು ಬಿಸಿಲಿಗೆ ಹಾಕಿ ಚೆನ್ನಾಗಿ ಒಣಗಿಸುವುದು, ಕೆಮ್ಮಣ್ಣು ಹಚ್ಚುವುದು, ಬೂದಿ ಬೆರೆಸುವುದು, ಎಣ್ಣೆ ಸವರುವುದು ಮುಂತಾದ ಮೊದಲ ಕಾವಲನ್ನು ನಮ್ಮ ಹೆಂಗಸರು ತಲೆತಲಾಂತರದಿಂದ ಬಲ್ಲರು. ಕಣಜ ಎರಡನೆಯ ಕಾವಲು. ಈಗ ಇವೆರಡರ ಜಾಗಕ್ಕೆ ಬಂದು ಕುಳಿತಿರುವುದು ಗುಳಿಗೆ. ಅಲ್ಯುಮಿನಿಯಂ ಫಾಸ್ಫೈಡಿನ ಗುಳಿಗೆ ಗಾಳಿಯ ತೇವ ತಗಲಿದೊಡನೆ ಫಾಸ್ಫೀನ್ ಎಂಬ ಕಣ್ಣಿಗೆ ಕಾಣದ ವಿಷವಾಯುವನ್ನು ಬಿಡುತ್ತದೆ. ಬಲ್ಲವರ ಮೇಲ್ವಿಚಾರಣೆಯಲ್ಲಿ, ಗಾಳಿಯಾಡದ ಗೋದಾಮಿನಲ್ಲಿ ಬಳಸತಕ್ಕ ವಸ್ತು ಅದು; ಮನೆಬಳಕೆಗೆ ಕೊಡಕೂಡದೆಂಬ ಕಟ್ಟಳೆಯೂ ಉಂಟು. ಆದರೂ ಮಕ್ಕಳು ಮಲಗುವ ಕೋಣೆಯ ಚೀಲದಲ್ಲಿ ಅದನ್ನು ಹೂತಿಡುವುದು ಹಳ್ಳಿಗಳಲ್ಲಿ ನಿಂತಿಲ್ಲ. ಆ ವಾಯುವಿಗೆ ಹುಳ, ಹುಳದ ಹುಳ, ಮನುಷ್ಯ ಎಂಬ ಭೇದವಿಲ್ಲ.

ಹೊಲದ ಮಾತೂ ಬೇರೆಯಲ್ಲ. ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ನಮ್ಮ ಎರೆಹೊಲಗಳ ಬೆಳೆ ಬದಲಾಯಿತು, ಹತ್ತಿ ಹೆಚ್ಚಿತು, ಸಿಂಪಡಣೆಯೂ ಹೆಚ್ಚಿತು. ಪತಂಗದ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಡುವ ಟ್ರೈಕೊಗ್ರಾಮವೆಂಬ ಕಣಜ ಒಂದು ಮಿಲಿಮೀಟರಿಗೂ ಕಡಿಮೆ ಉದ್ದದ್ದು; ಅದನ್ನು ಕಾರ್ಡುಗಳಿಗೆ ಅಂಟಿಸಿ ಎಲೆಗೆ ಸಿಕ್ಕಿಸುವ ಪದ್ಧತಿಯನ್ನು ಕೃಷಿ ಶಾಸ್ತ್ರಜ್ಞರು ಹೇಳಿಕೊಡುತ್ತಾರೆ. ಆದರೆ ಇಂದು ಕಾರ್ಡು ಸಿಕ್ಕಿಸಿ ನಾಳೆ ವಿಷ ಸಿಂಪಡಿಸಿದರೆ ಮೊದಲು ಸಾಯುವುದು ಆ ಕಣಜವೇ. ಒಳ್ಳೆಯ ಉದಾಹರಣೆಯೂ ನಮ್ಮಲ್ಲೇ ಉಂಟು. ಪಪ್ಪಾಯಿಯ ಹಿಟ್ಟುತಿಗಣೆ ದಕ್ಷಿಣ ಭಾರತದ ತೋಟಗಳನ್ನು ಹಾಳುಗೆಡವುತ್ತಿದ್ದಾಗ, 2010ರಲ್ಲಿ ಬೆಂಗಳೂರಿನ ಕೃಷಿ ಕೀಟಗಳ ರಾಷ್ಟ್ರೀಯ ಸಂಸ್ಥೆಯು ಪೋರ್ಟೊ ರಿಕೊ ದ್ವೀಪದಿಂದ ಸಣ್ಣ ಕಣಜಗಳನ್ನು ತರಿಸಿ ಬಿಟ್ಟಿತು. ಆ ಕಣಜಗಳು ನೆಲೆನಿಂತು, ತಿಗಣೆಯ ಹಾವಳಿ ಅಡಗಿತು.

ಕ್ರೌರ್ಯದ ಪ್ರಶ್ನೆ

ಇಷ್ಟೆಲ್ಲ ಓದಿದ ಮೇಲೆ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯುತ್ತದೆ. ಬದುಕಿರುವ ಹುಳವನ್ನು ಅಲುಗಾಡದಂತೆ ಮಾಡಿ ಮೆಲ್ಲಮೆಲ್ಲನೆ ತಿನ್ನುವುದು ಎಂಥ ಲೋಕನಿಯಮ? 1860ರಲ್ಲಿ ಡಾರ್ವಿನ್ ಅಮೆರಿಕದ ಸಸ್ಯಶಾಸ್ತ್ರಜ್ಞ ಏಸಾ ಗ್ರೇಗೆ ಬರೆದ ಪತ್ರವೊಂದರಲ್ಲಿ ಇದನ್ನೇ ಕೇಳಿಕೊಂಡಿದ್ದಾನೆ: ಕರುಣಾಳುವೂ ಸರ್ವಶಕ್ತನೂ ಆದ ದೇವರು, ಬದುಕಿದ ಹುಳಗಳ ಮೈಯನ್ನು ಉಣ್ಣಲೆಂದೇ ಈ ಕಣಜಗಳನ್ನು ಬೇಕೆಂದು ಸೃಷ್ಟಿಸಿದನೆಂದು ತನಗೆ ನಂಬಲಾಗದೆಂಬುದು ಅದರ ತಾತ್ಪರ್ಯ. ಒಂದು ಸಣ್ಣ ಹುಳ ಒಬ್ಬ ದೊಡ್ಡ ಮನುಷ್ಯನ ಶ್ರದ್ಧೆಯನ್ನು ಅಲುಗಿಸಿತು.

ಭಾಷೆಯೂ ಈ ಜೀವಿಯ ಮುಂದೆ ತಡವರಿಸಿತು. ಪರೋಪಜೀವಿಯೆಂಬುದಕ್ಕೆ ಯೂರೋಪಿನ ಭಾಷೆಗಳಲ್ಲಿ 'ಪ್ಯಾರಸೈಟ್' ಎಂದು ಹೆಸರು. ಗ್ರೀಕಿನಲ್ಲಿ ಅದು ಪರರ ಪಂಕ್ತಿಯಲ್ಲಿ ಕುಳಿತು ಉಣ್ಣುವವನ ಹೆಸರು. ಹೇನು, ಉಣ್ಣೆಗಳು ಅಂಥವು. ಉಂಡ ಮನೆಯ ಜಂತೆ ಎಣಿಸಿದರೂ ಮನೆಯನ್ನು ಕೆಡವುವುದಿಲ್ಲ. ಈ ಕಣಜವಾದರೋ ಉಂಡ ಮನೆಯನ್ನೇ ಉಂಡು ಮುಗಿಸುತ್ತದೆ. ಆದುದರಿಂದ ಫಿನ್ಲೆಂಡಿನ ರಾಯ್ಟರ್ ಎಂಬ ಕೀಟಶಾಸ್ತ್ರಜ್ಞ 1913ರಲ್ಲಿ ಇದಕ್ಕೆ 'ಪ್ಯಾರಸಿಟಾಯ್ಡ್' ಎಂಬ ಬೇರೆಯ ಪದವನ್ನೇ ಮಾಡಬೇಕಾಯಿತು. ನಮ್ಮ ಕೃಷಿ ಪುಸ್ತಕಗಳು ಪರತಂತ್ರ ಜೀವಿ ಎನ್ನುತ್ತವೆ. ನನ್ನ ಒಲವು ಆ ಅಜ್ಜಿಯ ಮಾತಿನ ಕಡೆಗೆ.

ಕ್ರೌರ್ಯದ ಪ್ರಶ್ನೆಗೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ. ಆದರೆ ಒಂದು ಮಾತು ಹೇಳಬಲ್ಲೆ. ಹುಳಕ್ಕೂ ಕಣಜಕ್ಕೂ ನಡೆಯುವ ವ್ಯವಹಾರ ಅವೆರಡರ ನಡುವೆಯೇ ಮುಗಿಯುತ್ತದೆ. ಒಂದು ಕಣಜಕ್ಕೆ ಒಂದು ಹುಳ, ಹೆಚ್ಚೆಂದರೆ ಕೆಲವು. ಹುಳ ಮುಗಿದರೆ ಕಣಜವೂ ಮುಗಿಯಬೇಕು. ಆದುದರಿಂದ ಎರಡೂ ಉಳಿದುಕೊಂಡಿವೆ. ಲೆಕ್ಕವಿಲ್ಲದೆ, ಭೇದವಿಲ್ಲದೆ, ಬೇಕಾದದ್ದನ್ನೂ ಬೇಡವಾದದ್ದನ್ನೂ ಒಟ್ಟಿಗೆ ಕೊಲ್ಲುವ ವಿದ್ಯೆ ಕಣಜದ್ದಲ್ಲ, ಮನುಷ್ಯನದು. ಕಣಜವನ್ನು ಕ್ರೂರಿಯೆನ್ನುವ ಮೊದಲು ನಾವು ಮಾಡಿನ ಮೇಲೆ ಇಟ್ಟಿರುವ ಡಬ್ಬಿಯ ಚೀಟಿಯನ್ನು ಓದುವುದು ನ್ಯಾಯ.

ಎರಡು ರಂಧ್ರಗಳು

ಇನ್ನು ಕೀಟ-ಭ್ರಮರ ನ್ಯಾಯದ ಗತಿ. ಅದು ಬಿದ್ದುಹೋಯಿತೆಂದು ನಾನು ಭಾವಿಸುವುದಿಲ್ಲ. ಉಪಮೆ ಪ್ರಮಾಣವಲ್ಲ, ದೀಪ; ತೋರಿಸಬೇಕಾದದ್ದನ್ನು ತೋರಿಸಿದರೆ ಅದರ ಕೆಲಸವಾಯಿತು. ಚಂದ್ರನಲ್ಲಿ ಮೊಲವಿಲ್ಲವೆಂದು ತಿಳಿದ ಮೇಲೂ ಶಶಾಂಕನೆಂಬ ಮಾತನ್ನು ನಾವು ಬಿಟ್ಟಿಲ್ಲ. ಆದರೆ ಈಗ ಆ ನ್ಯಾಯವನ್ನು ಪಾಠ ಮಾಡುವಾಗ ಗೂಡಿನ ಒಳಗಿನ ನಿಜವನ್ನೂ ಜೊತೆಗೆ ಹೇಳುತ್ತೇನೆ. ಹೇಳಿದಾಗ ತತ್ತ್ವ ಮಂಕಾಗುವುದಿಲ್ಲ, ಇನ್ನೊಂದು ಅರ್ಥ ಹೊಳೆಯುತ್ತದೆ. ಹುಳದ ದೇಹದ ದ್ರವ್ಯವೇ ಕಣಜದ ದೇಹದ ದ್ರವ್ಯವಾಗುವುದು ಸುಳ್ಳಲ್ಲವಷ್ಟೆ? ಮರ ಅಣಬೆಯಾಯಿತು, ಅಣಬೆ ದುಂಬಿಯಾಯಿತು, ದುಂಬಿ ಕಣಜವಾಯಿತು. ಕೀಡಿ ಕುಂಡಲಿಗನಾದದ್ದು ನಿಜವೇ. ಧ್ಯಾನದಿಂದ ಅಲ್ಲ, ದಾನದಿಂದ. ಅದೂ ತಾನಾಗಿ ಕೊಟ್ಟ ದಾನವಲ್ಲ. ನೋಡುವ ಕಣ್ಣು ಬಲಿತಂತೆ ಉಪಮೆಯೂ ಬಲಿಯಬೇಕು. ಗೂಡನ್ನು ಒಡೆದು ನೋಡುವ ಹುಡುಗರೂ ವಚನವನ್ನು ಬಿಡಿಸಿ ಓದುವ ಹುಡುಗರೂ ಒಂದೇ ತರಗತಿಯಲ್ಲಿ ಕುಳಿತಿರುವುದು ನಮ್ಮ ಕಾಲೇಜುಗಳ ಭಾಗ್ಯ. ಇವರು ಅವರ ಮಾತನ್ನು ಕೇಳಿಸಿಕೊಳ್ಳುವಂತೆ ಮಾಡುವುದಷ್ಟೇ ಉಪಾಧ್ಯಾಯನ ಕೆಲಸ.

ಕಡೆಯದಾಗಿ, ಮೊರದಲ್ಲಿ ತೊಗರಿ ಹಸನು ಮಾಡುವ ತಾಯಂದಿರಿಗೆ ಒಂದು ವಿನಂತಿ. ತೂತು ಬಿದ್ದ ಕಾಳು ಕಂಡೊಡನೆ ಗುಳಿಗೆಯ ಅಂಗಡಿಗೆ ಮಗನನ್ನು ಓಡಿಸಬೇಡಿ. ಕಾಳನ್ನು ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದು ನೋಡಿ. ತೂತು ದೊಡ್ಡದಾಗಿ, ದುಂಡಗೆ, ಕತ್ತರಿಸಿ ತೆಗೆದಂತಿದ್ದರೆ ಅಲ್ಲಿಂದ ಹೊರಟದ್ದು ದುಂಬಿ. ಚೀಲವನ್ನು ಅಂದೇ ಬಿಸಿಲಿಗೆ ಸುರಿಯಿರಿ. ತೂತು ಅದಕ್ಕಿಂತ ಸಣ್ಣದಾಗಿ, ಅಂಚು ಒರಟಾಗಿದ್ದರೆ ಅಲ್ಲಿಂದ ಹೊರಟದ್ದು ಹುಳದ ಹುಳ. ಆ ಕಾಳು ಹೋಯಿತು, ನಿಜ. ಆದರೆ ಮುಂದಿನ ನೂರು ಕಾಳುಗಳನ್ನು ತಿನ್ನಬೇಕಾಗಿದ್ದ ಹುಳವೂ ಅದರೊಡನೆಯೇ ಹೋಗಿದೆ.